ಸಣ್ಣ ಮೃಗಾಲಯದಲ್ಲಿ ಕೀಪರ್ ಜೊತೆ ಸಹಾಯಕರಾಗಿ ಕೆಲಸ: ಪುಣೆಯಲ್ಲಿ ಯಾರಾದರೂ ಮಾಡಿದ್ದೀರಾ?

ಧನಕವಡಿ_ಅಮ್ಮ
ಎಲ್ಲರಿಗೂ ನಮಸ್ಕಾರ. ನಾವು ಗದಗ ಕಡೆಯವರು, ಪುಣೆಗೆ ಬಂದು ತುಂಬಾ ವರ್ಷ ಆಯಿತು. ಮಗಳು ಈಗಷ್ಟೇ ಹನ್ನೆರಡನೇ ತರಗತಿ ಮುಗಿಸಿ ನೀಟ್ ಬರೆದಿದ್ದಾಳೆ. ಪಶುವೈದ್ಯೆ ಆಗಬೇಕು ಅಂತ ಆಸೆ. ಕಾಲೇಜು ಶುರುವಾಗುವ ತನಕ ಯಾವುದಾದರೂ ಸಣ್ಣ ಮೃಗಾಲಯದಲ್ಲಿ ಕೀಪರ್ ಕೈಕೆಳಗೆ ಕೆಲಸ ಮಾಡುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಸಂಬಳ ಬೇಡವಂತೆ. ಹದಿನೆಂಟು ತುಂಬಿದೆ, ನಮಗೂ ಅಡ್ಡಿ ಇಲ್ಲ. ಆದರೆ ಅಲ್ಲಿ ನಿಜವಾಗಿ ಏನು ಕೆಲಸ ಕೊಡುತ್ತಾರೆ? ಚಿರತೆ, ಹಾವು ಇವುಗಳ ಹತ್ತಿರ ಬಿಡುತ್ತಾರಾ? ರೋಗ ಏನಾದರೂ ಅಂಟುತ್ತಾ? ಓದಿಗೆ ಉಪಯೋಗ ಆಗುತ್ತಾ? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಕೊಥ್ರುಡ್_ಕಾಕಾ
ಕಾತ್ರಜ್ ಮೃಗಾಲಯದಲ್ಲಿ ಕೇಳಿ ನೋಡಿ. ನಿಮ್ಮ ಮನೆಗೆ ಹತ್ತಿರ. ಬುಧವಾರ ಜನರಿಗೆ ಪ್ರವೇಶ ಇಲ್ಲ, ನೆನಪಿರಲಿ.

ಭಾನುವಾರದ_ಸಹಾಯಕ
ಅಕ್ಕಾ, ನಾನು ಪುಣೆ ಹೊರಗಿನ ಒಂದು ಸಣ್ಣ ಮೃಗಾಲಯದಲ್ಲಿ ರಜಾ ದಿನಗಳಲ್ಲಿ ಈ ಕೆಲಸ ಮಾಡುತ್ತಾ ಬಂದಿದ್ದೇನೆ. ಹೊಟ್ಟೆಪಾಡು ಹಿಂಜೆವಾಡಿಯ ಕಂಪನಿಯಲ್ಲಿ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಹೊಸದಾಗಿ ಬರುವ ಮಕ್ಕಳು ಒಂದು ಚಿತ್ರ ಮನಸ್ಸಲ್ಲಿಟ್ಟುಕೊಂಡು ಬರುತ್ತಾರೆ, ಅಲ್ಲಿ ಇರುವುದು ಬೇರೆ.

ಬೆಳಿಗ್ಗೆ ಹೋದ ತಕ್ಷಣ ಪೊರಕೆ ಹಿಡಿಯುವುದಲ್ಲ. ನಮ್ಮ ಹಿರಿಯ ಕೀಪರ್ ಒಬ್ಬರಿದ್ದಾರೆ, ಎಲ್ಲರೂ ಮಾಮಾ ಅಂತಲೇ ಕರೆಯುತ್ತೇವೆ. ಅವರು ಮೊದಲು ಪ್ರಾಣಿಗಳನ್ನು ಎಣಿಸುತ್ತಾರೆ. ಆಮೇಲೆ ಒಂದೊಂದನ್ನೇ ನಿಂತು ನೋಡುತ್ತಾರೆ. ರಾತ್ರಿ ಹಾಕಿದ ಮೇವು ಎಷ್ಟು ಉಳಿದಿದೆ, ನೀರು ಕುಡಿದಿವೆಯಾ, ಹಿಕ್ಕೆ ಬಿಡಿಬಿಡಿ ಇದೆಯಾ ಅಥವಾ ಮುದ್ದೆಯಾಗಿದೆಯಾ, ಎಲ್ಲಾದರೂ ರಕ್ತದ ಕಲೆ ಇದೆಯಾ. ಇದೆಲ್ಲ ನೋಡಿದ ಮೇಲೆಯೇ ನೀರಿನ ಪೈಪು. ಮೊದಲೇ ತೊಳೆದುಬಿಟ್ಟರೆ ರಾತ್ರಿ ಏನಾಯಿತು ಅನ್ನುವ ಸುದ್ದಿಯೆಲ್ಲ ಮೋರಿಗೆ ಹೋಗುತ್ತದೆ.

ಒಮ್ಮೆ ಒಂದು ಹೆಣ್ಣು ಚುಕ್ಕೆ ಜಿಂಕೆ ಗುಂಪಿನಿಂದ ಸ್ವಲ್ಪ ದೂರ ನಿಂತಿತ್ತು. ನನಗೆ ಏನೂ ತಪ್ಪು ಕಾಣಲಿಲ್ಲ. ಕಣ್ಣು ಚೆನ್ನಾಗಿತ್ತು, ಕಿವಿ ಆಡಿಸುತ್ತಿತ್ತು. ಮಾಮಾ ಬೇಲಿಯ ಹೊರಗೆ ಕಲ್ಲಿನ ಮೇಲೆ ಕೂತು ತುಂಬಾ ಹೊತ್ತು ನೋಡಿದರು. 'ಉಳಿದವೆಲ್ಲ ಮೆಲುಕು ಹಾಕುತ್ತಿವೆ, ಇದು ಹಾಕುತ್ತಿಲ್ಲ' ಅಂದರು. ಅಷ್ಟೇ. ಡಾಕ್ಟರಿಗೆ ಫೋನ್ ಹೋಯಿತು. ಹೊಟ್ಟೆ ಉಬ್ಬರ ಶುರುವಾಗಿತ್ತು, ಸಮಯಕ್ಕೆ ಔಷಧಿ ಸಿಕ್ಕಿತು. ಕಾಡಿನ ಪ್ರಾಣಿ ತನ್ನ ನೋವನ್ನು ಆದಷ್ಟು ಮುಚ್ಚಿಡುತ್ತದೆ. ನೋವು ತೋರಿಸಿದರೆ ಬೇಟೆಗಾರ ಪ್ರಾಣಿಯ ಕಣ್ಣಿಗೆ ಅದೇ ಮೊದಲು ಬೀಳುತ್ತದೆ, ಅಲ್ವಾ? ಕೂಡಿಟ್ಟ ಜಾಗದಲ್ಲಿ ಹುಟ್ಟಿದರೂ ಆ ಸ್ವಭಾವ ಹೋಗುವುದಿಲ್ಲ. ನಮಗೆ ಕಾಣುವಷ್ಟು ಕಾಯಿಲೆ ಆದಾಗ ಎಷ್ಟೋ ಸಲ ತಡವಾಗಿರುತ್ತದೆ.

ನಿಮ್ಮ ಮಗಳು ಅಲ್ಲಿ ಕಲಿಯಬೇಕಾದ್ದು ಈ ನೋಟ. ಉಳಿದ ಕೆಲಸ ಕಷ್ಟದ್ದು, ಆದರೆ ಕಲಿಯಲು ಜಾಸ್ತಿ ದಿನ ಬೇಡ.

ಜುನ್ನರ್_ರೋಡ್
ಮೆಲುಕಿನ ಮಾತು ಓದಿ ಖುಷಿಯಾಯಿತು. ನಮ್ಮ ಅಜ್ಜಿ ಕೊಟ್ಟಿಗೆಯಲ್ಲಿ ಇದನ್ನೇ ನೋಡುತ್ತಿದ್ದಳು.

ಧನಕವಡಿ_ಅಮ್ಮ
ಅಣ್ಣಾ, ತುಂಬಾ ಉಪಕಾರ. ಉಳಿದ ಕೆಲಸ ಅಂದರೆ ಏನೇನು? ಮಗಳೂ ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ.

ಭಾನುವಾರದ_ಸಹಾಯಕ
ಹೆಚ್ಚಿನ ಸಮಯ ಅಡುಗೆಮನೆಯಲ್ಲಿ. ಅಂದರೆ ಪ್ರಾಣಿಗಳ ಊಟ ತಯಾರಾಗುವ ಕೋಣೆಯಲ್ಲಿ. ಕ್ಯಾರೆಟ್, ಸೌತೆಕಾಯಿ, ಬೀಟ್‌ರೂಟ್, ಸೊಪ್ಪು ತೊಳೆದು ಹೆಚ್ಚುವುದು. ಪ್ರತಿ ಪ್ರಾಣಿಗೂ ಪಟ್ಟಿ ಇರುತ್ತದೆ, ತೂಕ ಮಾಡಿಯೇ ಹಾಕಬೇಕು. ಕಣ್ಣಳತೆ ನಡೆಯುವುದಿಲ್ಲ. ಮಂಗಗಳಿಗೆ ಬಾಳೆಹಣ್ಣು ರಾಶಿ ಹಾಕುತ್ತಾರೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದು ತಪ್ಪು. ನಾವು ಅಂಗಡಿಯಿಂದ ತರುವ ಹಣ್ಣಲ್ಲಿ ಕಾಡುಹಣ್ಣಿಗಿಂತ ಸಕ್ಕರೆ ಜಾಸ್ತಿ, ನಾರು ಕಡಿಮೆ. ಹಲ್ಲು ಹಾಳಾಗುತ್ತದೆ, ಬೊಜ್ಜು ಬರುತ್ತದೆ. ಸೊಪ್ಪು ತರಕಾರಿಯೇ ಹೆಚ್ಚು ಇರಬೇಕು.

ಜಿಂಕೆ, ಕಡವೆಗಳಿಗೆ ಹಸಿ ಮೆಕ್ಕೆಜೋಳದ ಮೇವು, ಕುದುರೆ ಮಸಾಲೆ ಸೊಪ್ಪು. ಇಲ್ಲಿಯವರು ಅದಕ್ಕೆ ಲಸೂಣ್ ಘಾಸ್ ಅನ್ನುತ್ತಾರೆ, ಮೊದಲ ದಿನ ಬೆಳ್ಳುಳ್ಳಿ ಹುಡುಕಬೇಡಿ. ಮೇವನ್ನು ಒಂದೇ ಕಡೆ ಸುರಿಯಬಾರದು. ಬಲವಾದ ಗಂಡು ಬಂದು ನಿಂತರೆ ಸಣ್ಣವು, ಮರಿ ಇರುವವು ಹತ್ತಿರ ಬರುವುದಿಲ್ಲ. ದೂರದೂರ ಮೂರು ನಾಲ್ಕು ಕಡೆ ಹಾಕಿದರೆ ಎಲ್ಲದಕ್ಕೂ ಸಿಗುತ್ತದೆ. ಮಾರನೇ ದಿನ ಉಳಿದದ್ದನ್ನು ತೆಗೆದು ತೂಕ ಮಾಡಿ ರಿಜಿಸ್ಟರ್‌ನಲ್ಲಿ ಬರೆಯುವುದು. ಕೊಟ್ಟದ್ದು ಬರೆದು ಉಳಿದದ್ದು ಬರೆಯದಿದ್ದರೆ ಆ ಪುಸ್ತಕದಿಂದ ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ.

ಆಮೇಲೆ ತೊಳೆಯುವುದು. ಫಿನಾಯಿಲ್ ಬಗ್ಗೆ ಹುಷಾರು. ಬೆಕ್ಕಿನ ಜಾತಿಗೆ ಫೀನಾಲ್ ಇರುವ ದ್ರಾವಣ ವಿಷ. ಪಂಜ ನೆಕ್ಕಿಕೊಳ್ಳುವಾಗ ಒಳಗೆ ಹೋಗುತ್ತದೆ. ಚಿರತೆ, ಕಾಡುಬೆಕ್ಕು ಇರುವ ಕಡೆ ಡಾಕ್ಟರ್ ಹೇಳಿದ್ದನ್ನೇ, ಹೇಳಿದಷ್ಟೇ ಬಳಸಬೇಕು. ಬಾಗಿಲ ಬಳಿ ಪೊಟ್ಯಾಶಿಯಂ ಪರ್ಮಾಂಗನೇಟ್ ನೀರಿನ ತೊಟ್ಟಿ ಇರುತ್ತದೆ, ಕಾಲು ಅದ್ದಿಯೇ ಹೋಗಬೇಕು. ಬಣ್ಣ ಕೆಂಪು ನೇರಳೆಯಿಂದ ಕಂದು ಆಯಿತು ಅಂದರೆ ಅದರ ಶಕ್ತಿ ಮುಗಿಯಿತು, ಚೆಲ್ಲಿ ಹೊಸದು ಹಾಕಬೇಕು. ಇದು ಸಹಾಯಕರ ಕೆಲಸ. ಸಣ್ಣದು ಅನ್ನಿಸುತ್ತದೆ, ಆದರೆ ಕಾಲುಬಾಯಿ ರೋಗ ಮೇವಿನ ಗಾಡಿಯ ಚಕ್ರದಲ್ಲಿ, ಬೂಟಿನ ಅಡಿಯಲ್ಲಿ ಬಂದು ಜಿಂಕೆಗಳ ಹಿಂಡಿಗೇ ತಗಲಬಹುದು.

ಚಿರತೆ ಹತ್ತಿರ ಬಿಡುತ್ತಾರಾ ಅಂದಿರಿ. ಇಲ್ಲ. ಪ್ರಾಣಿಯನ್ನು ರಾತ್ರಿ ಇರುವ ಕೋಣೆಗೆ ಕರೆದು, ಜಾರುಬಾಗಿಲು ಹಾಕಿ, ಬೀಗ ಜಡಿದು, ಇನ್ನೊಬ್ಬರು ಆ ಬೀಗ ಎಳೆದು ನೋಡಿ, ಮತ್ತೆ ತಲೆ ಎಣಿಸಿದ ಮೇಲೆಯೇ ಕೀಪರ್ ಹೊರಗಿನ ಆವರಣಕ್ಕೆ ಇಳಿಯುತ್ತಾರೆ. ಸ್ವಯಂಸೇವಕರ ಕೈಗೆ ಆ ಬೀಗದ ಕೀಲಿ ಕೊಡಬಾರದು. ಕೊಡುತ್ತೇವೆ ಅನ್ನುವ ಜಾಗ ಇದ್ದರೆ ಮಗಳನ್ನು ಅಲ್ಲಿಗೆ ಕಳಿಸಲೇಬೇಡಿ.

ಬೆಳಗಾವಿ_ಹುಡುಗ
ಸರ್, ಬೇಜಾರು ಮಾಡಿಕೊಳ್ಳಬೇಡಿ. ಮುಟ್ಟೋ ಹಾಗಿಲ್ಲ, ಒಳಗೆ ಹೋಗೋ ಹಾಗಿಲ್ಲ ಅಂದರೆ ಬರೀ ತರಕಾರಿ ಹೆಚ್ಚೋಕೆ ಯಾರು ಹೋಗ್ತಾರೆ? ಪ್ರಾಣಿ ಜೊತೆ ಒಂದು ನಂಟು ಬೆಳೆಯಲಿ ಅಂತ ತಾನೇ ಹೋಗೋದು?

ಭಾನುವಾರದ_ಸಹಾಯಕ
ತಮ್ಮಾ, ಕೇಳಿದ್ದು ಒಳ್ಳೆಯದೇ ಆಯಿತು. ನಂಟು ಬೆಳೆಯುತ್ತದೆ, ಆದರೆ ಅದು ನಮ್ಮ ಕಡೆಯಿಂದ ಮಾತ್ರ ಇದ್ದರೆ ಸಾಕು. ಸಣ್ಣ ಮೃಗಾಲಯಕ್ಕೆ ಬರುವ ಪ್ರಾಣಿಗಳಲ್ಲಿ ತುಂಬಾ ಪ್ರಾಣಿಗಳು ಯಾರೋ ಮುದ್ದಿಗೆ ಸಾಕಿ ಬಿಟ್ಟವು, ಇಲ್ಲಾ ಕಳ್ಳಸಾಗಣೆಯಲ್ಲಿ ಸಿಕ್ಕವು. ಮನುಷ್ಯರ ಕೈ ರೂಢಿಯಾದ ಕೋತಿ ತನ್ನ ಜಾತಿಯವರ ಜೊತೆ ಹೇಗಿರಬೇಕು ಅನ್ನುವುದನ್ನೇ ಕಲಿತಿರುವುದಿಲ್ಲ. ದೊಡ್ಡದಾದ ಮೇಲೆ ಅದೇ ಕೈಯನ್ನು ಕಚ್ಚುತ್ತದೆ. ಜನ ಅದಕ್ಕೆ ಕೃತಘ್ನ ಅನ್ನುತ್ತಾರೆ. ಪಾಪ, ಅದರ ತಪ್ಪೇನು?

ಇನ್ನು ಜಿಂಕೆ. ಪ್ರೀತಿಯಿಂದಲೇ ಅದರ ಹಿಂದೆ ಓಡಿದಿರಿ ಅಂದುಕೊಳ್ಳಿ. ಅದಕ್ಕೆ ಗೊತ್ತಾಗುವುದು ಯಾರೋ ಅಟ್ಟಿಸಿಕೊಂಡು ಬಂದರು ಅಂತ ಮಾತ್ರ. ಅತಿಯಾಗಿ ಬೆದರಿ ಓಡಿದ ಜಿಂಕೆಯ ಮಾಂಸಖಂಡಗಳು ಒಳಗೇ ಹಾಳಾಗಿ, ಕೆಲವು ಗಂಟೆಯಲ್ಲೋ ಕೆಲವು ದಿನದಲ್ಲೋ ಸತ್ತುಹೋಗಬಹುದು. ಮೈಮೇಲೆ ಒಂದು ಗಾಯ ಇರುವುದಿಲ್ಲ. ಅದಕ್ಕೇ ನಾವು ಜಿಂಕೆ ಆವರಣದ ಹತ್ತಿರ ಓಡುವುದಿಲ್ಲ, ಕೂಗುವುದಿಲ್ಲ, ಬಕೆಟ್ ಕೂಡ ದಬ್ಬನೆ ಇಡುವುದಿಲ್ಲ. ದಿನಾ ಅದೇ ದಾರಿ, ಅದೇ ಹೊತ್ತು, ಅದೇ ಬಣ್ಣದ ಬಟ್ಟೆ. ನಾವು ಬಂದರೂ ಅವು ತಲೆ ಎತ್ತದೆ ಮೇಯುತ್ತಿದ್ದರೆ ಕೆಲಸ ಸರಿಯಾಗಿ ಆಯಿತು ಅಂತ. ನನಗೆ ಅದಕ್ಕಿಂತ ದೊಡ್ಡ ಸಂತೋಷ ಇಲ್ಲ.

ಶಿರವಳ_ವೆಟ್
ನಾನು ಶಿರವಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿದವಳು, ಮೂಲ ವಿಜಯಪುರ. ರೋಗದ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ.

ಪ್ರಾಣಿಯಿಂದ ನಮಗೆ ಬರುವುದನ್ನು ಎಲ್ಲರೂ ಕೇಳುತ್ತಾರೆ. ಟಿಟಿ ಇಂಜೆಕ್ಷನ್ ಆಗಿರಬೇಕು. ರೇಬೀಸ್ ಲಸಿಕೆಯನ್ನು ಕಚ್ಚುವ ಮೊದಲೇ ಮುನ್ನೆಚ್ಚರಿಕೆಯಾಗಿ ಹಾಕಿಸಿಕೊಳ್ಳುವ ಕ್ರಮ ಇದೆ, ಪ್ರಾಣಿಗಳ ಜೊತೆ ಕೆಲಸ ಮಾಡುವವರು ಹಾಕಿಸಿಕೊಳ್ಳಲೇಬೇಕು. ಪಶುವೈದ್ಯಕೀಯಕ್ಕೆ ಸೇರಿದರೆ ಹೇಗೂ ಬೇಕಾಗುತ್ತದೆ. ಲಸಿಕೆ ಆಗಿದ್ದರೂ ಕಚ್ಚಿದರೆ ಸೋಪು ನೀರಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಆಮೆ, ಹಾವುಗಳಿಂದ ಸಾಲ್ಮೊನೆಲ್ಲಾ ಬರುತ್ತದೆ. ನೋಡಲು ಶುದ್ಧವಾಗಿರುತ್ತವೆ, ಆದರೆ ಅವುಗಳ ತೊಟ್ಟಿ ಮುಟ್ಟಿದ ಕೈಯಲ್ಲಿ ಡಬ್ಬಿ ಬಿಚ್ಚಿ ಚಪಾತಿ ತಿಂದರೆ ಹೊಟ್ಟೆ ಕೆಡುವುದು ಖಂಡಿತ ಅನ್ನಿ.

ನಮ್ಮಿಂದ ಪ್ರಾಣಿಗೆ ಹೋಗುವುದನ್ನು ಯಾರೂ ಕೇಳುವುದಿಲ್ಲ. ನನಗೆ ಅದೇ ಜಾಸ್ತಿ ಚಿಂತೆ. ಕ್ಷಯ ಮನುಷ್ಯರಿಂದ ಮಂಗಗಳಿಗೆ, ಆನೆಗಳಿಗೆ ಹೋಗುತ್ತದೆ. 2021ರಲ್ಲಿ ಹೈದರಾಬಾದ್ ಮೃಗಾಲಯದಲ್ಲಿ ಎಂಟು ಸಿಂಹಗಳಿಗೆ ಕೋವಿಡ್ ಬಂದದ್ದು ನೆನಪಿರಬಹುದು. ನೆಗಡಿ, ಕೆಮ್ಮು ಇದ್ದ ದಿನ ಮನೆಯಲ್ಲೇ ಇರಬೇಕು. 'ಬರ್ತೀನಿ ಅಂತ ಹೇಳಿಬಿಟ್ಟಿದ್ದೇನೆ, ತಪ್ಪಿಸಿದರೆ ಚೆನ್ನಾಗಿರಲ್ಲ' ಅಂತ ಮೂಗು ಒರೆಸಿಕೊಂಡು ಬರುವ ಮಕ್ಕಳನ್ನು ನಾನು ವಾಪಸ್ ಕಳಿಸಿದ್ದೇನೆ.

ಇನ್ನೊಂದು. ಪ್ರಾಣಿಪ್ರೀತಿ ಇರುವ ಮಕ್ಕಳು ಹೆಚ್ಚಾಗಿ ಬೀದಿನಾಯಿಗಳಿಗೂ ಊಟ ಹಾಕುತ್ತಾರೆ. ಒಳ್ಳೆಯ ಕೆಲಸ. ಆದರೆ ಅದೇ ಬಟ್ಟೆ, ಅದೇ ಚಪ್ಪಲಿಯಲ್ಲಿ ಮೃಗಾಲಯಕ್ಕೆ ಬರಬೇಡಿ. ನಾಯಿಗಳಿಗೆ ಬರುವ ಡಿಸ್ಟೆಂಪರ್ ಅನ್ನುವ ವೈರಸ್ ರೋಗ ಸಿಂಹ, ಚಿರತೆಯಂಥ ದೊಡ್ಡ ಬೆಕ್ಕುಗಳಿಗೂ ಬರುತ್ತದೆ. 2018ರಲ್ಲಿ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತವು, ಪರೀಕ್ಷೆಯಲ್ಲಿ ಈ ವೈರಸ್ ಸಿಕ್ಕಿತ್ತು. ಮನೆಯ ನಾಯಿಗೆ ಪ್ರತಿವರ್ಷ ಲಸಿಕೆ ಹಾಕಿಸಿ, ಮೃಗಾಲಯದ ಬಟ್ಟೆಯನ್ನೇ ಬೇರೆ ಇಡಿ.

ಪೇಶ್ವೆ_ಪಾರ್ಕ್_ನೆನಪು
ನಾನು ಪುಣೆಯಲ್ಲೇ ಹುಟ್ಟಿ ಬೆಳೆದ ಧಾರವಾಡದ ಮನೆತನದವನು, ವಯಸ್ಸಾಗಿದೆ. ನಮ್ಮ ಕಾಲದಲ್ಲಿ ಸಾರಸಬಾಗ್ ಪಕ್ಕದ ಪೇಶ್ವೆ ಪಾರ್ಕ್‌ನಲ್ಲೇ ಪ್ರಾಣಿಗಳಿದ್ದವು. ಮಕ್ಕಳು ಫುಲರಾಣಿ ಅನ್ನುವ ಪುಟಾಣಿ ರೈಲು ಹತ್ತಿ ಸುತ್ತುತ್ತಿದ್ದೆವು. ಕಬ್ಬಿಣದ ಸರಳಿನ ಹಿಂದೆ ದೊಡ್ಡ ಪ್ರಾಣಿಗಳು ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ಓಡಾಡುತ್ತಲೇ ಇರುತ್ತಿದ್ದವು. ಆಗ ನಮಗೆ ಅದು ಗತ್ತು ಅನ್ನಿಸುತ್ತಿತ್ತು. ಆಮೇಲೆ ಮೃಗಾಲಯ ಕಾತ್ರಜ್‌ಗೆ ಹೋಯಿತು. ಅಲ್ಲಿ 1986ರಿಂದಲೇ ಹಾವುಗಳ ಉದ್ಯಾನ ಇತ್ತು. ಆ ಓಡಾಟ ಪ್ರಾಣಿಯ ಮನಸ್ಸು ಕೆಟ್ಟದ್ದರ ಗುರುತು ಅಂತ ನನಗೆ ತಿಳಿದದ್ದು ತುಂಬಾ ತಡವಾಗಿ. ಈಗ ಅದಕ್ಕೆ ಏನು ಮಾಡುತ್ತಾರೆ?

ಭಾನುವಾರದ_ಸಹಾಯಕ
ಹಿರಿಯರಿಗೆ ನಮಸ್ಕಾರ. ಆ ಓಡಾಟ ಕಡಿಮೆ ಮಾಡಲು ಮಾಡುವ ಉಪಾಯಕ್ಕೆ ಎನ್‌ರಿಚ್‌ಮೆಂಟ್ ಅನ್ನುತ್ತಾರೆ, ಸಹಾಯಕರು ನಿಜವಾಗಿ ಕೈಹಾಕಬಹುದಾದ ಕೆಲಸ ಅದು. ಕಾಡಿನಲ್ಲಿ ಎಷ್ಟೋ ಪ್ರಾಣಿಗಳ ದಿನದ ಹೆಚ್ಚಿನ ಪಾಲು ಊಟ ಹುಡುಕುವುದರಲ್ಲೇ ಹೋಗುತ್ತದೆ. ಇಲ್ಲಿ ತಟ್ಟೆಯಲ್ಲಿ ಬಂದುಬಿಡುತ್ತದೆ, ಐದು ನಿಮಿಷದಲ್ಲಿ ಮುಗಿಯುತ್ತದೆ. ಆಮೇಲೆ ಏನು ಮಾಡಬೇಕು? ಅದಕ್ಕೆ ಊಟವನ್ನೇ ಸ್ವಲ್ಪ ಕಷ್ಟ ಮಾಡುತ್ತೇವೆ. ಮಂಗಗಳಿಗೆ ಬಿದಿರಿನ ತುಂಡಿಗೆ ತೂತು ಕೊರೆದು ಒಳಗೆ ಶೇಂಗಾ, ಕಡಲೆ ತುಂಬಿ ಕಟ್ಟುವುದು. ಕರಡಿಗೆ ಮರದ ದಿಮ್ಮಿಯ ಸಂದಿಯಲ್ಲಿ ಜೇನುತುಪ್ಪ ಸವರುವುದು. ಏಪ್ರಿಲ್, ಮೇ ಬಿಸಿಲಲ್ಲಿ ಹಣ್ಣಿನ ತುಂಡುಗಳನ್ನು ಮಂಜುಗಡ್ಡೆಯಲ್ಲಿ ಹೆಪ್ಪುಗಟ್ಟಿಸಿ ಕೊಡುವುದು. ಚಿರತೆಯ ಆವರಣದಲ್ಲಿ ಜಿಂಕೆ ಮಲಗಿದ್ದ ಒಣಹುಲ್ಲು ಹಾಕಿದರೆ ಅರ್ಧ ದಿನ ಮೂಸುತ್ತಾ, ಉರುಳಾಡುತ್ತಾ ಇರುತ್ತದೆ. ಆದರೆ ಇದಕ್ಕೂ ಡಾಕ್ಟರ್ ಒಪ್ಪಿಗೆ ಬೇಕು. ಹಗ್ಗದ ಗಂಟು, ತಂತಿ, ಪ್ಲಾಸ್ಟಿಕ್, ಹುಲ್ಲಿನಲ್ಲಿ ಬರುವ ರೋಗ, ಎಲ್ಲವನ್ನೂ ಅವರು ಮೊದಲು ನೋಡುತ್ತಾರೆ.

ಹಗಲು ಹೊತ್ತು ನಾವು ಮಾಡುವ ಇನ್ನೊಂದು ಕೆಲಸ ಕಟಕಟೆ ಹತ್ತಿರ ನಿಲ್ಲುವುದು. ಕಲ್ಲು ಎಸೆಯುವವರು, ಕುರ್ಕುರೆ ಹಾಕುವವರು, ಮಲಗಿದ ಪ್ರಾಣಿಯನ್ನು ಎಬ್ಬಿಸಲು ಶಿಳ್ಳೆ ಹೊಡೆಯುವವರು ದಿನವೂ ಇರುತ್ತಾರೆ. ಮೃಗಾಲಯದ ಪ್ರಾಣಿಯನ್ನು ಕೆಣಕುವುದು, ತಿನ್ನಿಸುವುದು, ಗಲಾಟೆ ಮಾಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 38ಜೆ ಕಲಮಿನ ಪ್ರಕಾರ ಅಪರಾಧ. ನಾವು ಬೈಯುವುದಿಲ್ಲ. 'ಕಾಕಾ, ಆ ಪ್ಯಾಕೆಟ್ ಒಳಗೆ ಬಿದ್ದರೆ ಜಿಂಕೆ ನುಂಗುತ್ತದೆ, ಕರುಳಲ್ಲಿ ಸಿಕ್ಕಿಕೊಂಡು ಸಾಯುತ್ತದೆ' ಅಂತ ಮರಾಠಿಯಲ್ಲಿ ಮೆಲ್ಲಗೆ ಹೇಳಿದರೆ ಹೆಚ್ಚಿನವರು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಮಕ್ಕಳಂತೂ ತಮ್ಮ ಅಪ್ಪಂದಿರನ್ನೇ ತಡೆಯುತ್ತಾರೆ.

ವಾಕಡ್_ಕನ್ನಡಿಗ
ನನಗೆ ಒಂದು ತಕರಾರು ಇದೆ. ಎಷ್ಟೋ ಕಡೆ ಕೀಪರ್‌ಗಳು ಗುತ್ತಿಗೆ ನೌಕರರು. ಪುಕ್ಕಟೆ ಸ್ವಯಂಸೇವಕರು ಸಿಕ್ಕರೆ ಇರುವ ಒಬ್ಬರನ್ನು ತೆಗೆದುಹಾಕುವುದು ಸುಲಭ ಆಗುವುದಿಲ್ಲವೇ? ಒಳ್ಳೆಯ ಮನಸ್ಸಿನಿಂದ ಹೋಗಿ ಬಡವರ ಹೊಟ್ಟೆ ಮೇಲೆ ಹೊಡೆದ ಹಾಗೆ ಆಗಬಾರದು.

ಭಾನುವಾರದ_ಸಹಾಯಕ
ಈ ಮಾತನ್ನು ಯಾರಾದರೂ ಎತ್ತಲೇಬೇಕಿತ್ತು. ನಾನು ಪೂರ್ತಿ ಒಪ್ಪುತ್ತೇನೆ. ಕೀಪರ್ ಬರದ ದಿನ ಅವರ ಜಾಗಕ್ಕೆ ಸ್ವಯಂಸೇವಕರನ್ನು ನಿಲ್ಲಿಸುವ ಜಾಗದಲ್ಲಿ ಕೆಲಸ ಮಾಡಬಾರದು. ಕೀಪರ್‌ಗೆ ಸಮಯ ಸಿಗದೆ ಉಳಿಯುವ ಕೆಲಸಗಳಿವೆ. ಬಿದಿರಿನ ಆಟಿಕೆ ಮಾಡುವುದು, ಗಂಟೆಗೊಮ್ಮೆ ಪ್ರಾಣಿ ಏನು ಮಾಡುತ್ತಿದೆ ಅಂತ ಬರೆಯುವುದು, ಶಾಲೆ ಮಕ್ಕಳಿಗೆ ವಿವರಿಸುವುದು, ಹಳೆಯ ರಿಜಿಸ್ಟರ್ ಕಂಪ್ಯೂಟರಿಗೆ ಹಾಕುವುದು. ನಮ್ಮ ಜಾಗ ಅದು.

ಮಾಮಾ ಅವರಿಗೆ ಮೂರು ತಲೆಮಾರಿನ ಜಿಂಕೆಗಳ ಗುರುತಿದೆ. ಯಾವ ಹೆಣ್ಣು ಹೆರಿಗೆಯಲ್ಲಿ ಒದ್ದಾಡಿತ್ತು, ಯಾವ ಗಂಡು ಕೊಂಬು ಗಟ್ಟಿಯಾದ ಕಾಲದಲ್ಲಿ ಮೈಮೇಲೆ ಬರುತ್ತದೆ, ಎಲ್ಲ ಬಾಯಲ್ಲೇ ಇದೆ. ಯಾವ ಪುಸ್ತಕದಲ್ಲೂ ಇಲ್ಲ. ಅವರು ನಿವೃತ್ತರಾಗುವ ಮೊದಲು ಅದನ್ನು ಕೂತು ಬರೆದುಕೊಳ್ಳುತ್ತಿದ್ದೇನೆ. ಅವರ ಸಂಬಳ ಅವರ ವಿದ್ಯೆಗೆ ತಕ್ಕದ್ದಲ್ಲ. ಇದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಶಿರವಳ_ವೆಟ್
ವಾಕಡ್ ಅವರ ಮಾತಿಗೆ ಒಂದು ಸೇರಿಸುತ್ತೇನೆ. ದುಡ್ಡು ತೆಗೆದುಕೊಂಡು ಸಿಂಹದ ಮರಿಗೆ ಬಾಟಲಿ ಹಾಲು ಕುಡಿಸಲು ಬಿಡುವ ಹೊರದೇಶದ ಸ್ವಯಂಸೇವೆ ಜಾಹೀರಾತುಗಳು ಮಕ್ಕಳ ಮೊಬೈಲಿಗೆ ಬರುತ್ತವೆ. ಆಫ್ರಿಕಾದಲ್ಲಿ ಹಾಗೆ ಮುದ್ದಿಗೆ ಬೆಳೆಸಿದ ಎಷ್ಟೋ ಸಿಂಹಗಳು ದೊಡ್ಡದಾದ ಮೇಲೆ ಬೇಲಿಯೊಳಗಿನ ಬೇಟೆಗೆ ಮಾರಾಟವಾಗಿವೆ. ತಾಯಿಯಿಂದ ಮರಿಯನ್ನು ಬೇಗ ಬಿಡಿಸುವುದೇ ಆ ವ್ಯಾಪಾರ. ದಯವಿಟ್ಟು ಒಂದು ರೂಪಾಯಿಯನ್ನೂ ಕೊಡಬೇಡಿ.

ನಮ್ಮಲ್ಲಿ ಮೃಗಾಲಯ ನಡೆಸಲು ಕೇಂದ್ರ ಮೃಗಾಲಯ ಪ್ರಾಧಿಕಾರದ ಮಾನ್ಯತೆ ಬೇಕು. ಅದು 1992ರಲ್ಲಿ ಶುರುವಾಯಿತು. ದೊಡ್ಡದು, ಮಧ್ಯಮ, ಸಣ್ಣದು, ಮಿನಿ ಅಂತ ವರ್ಗ ಮಾಡುತ್ತದೆ. ಮಗಳು ಹೋಗುವ ಜಾಗ ಆ ಪಟ್ಟಿಯಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಬೇಡ.

ಜುನ್ನರ್_ರೋಡ್
ಜುನ್ನರ್ ಹತ್ತಿರ ಮಾಣಿಕಡೋಹ್‌ನಲ್ಲಿ ಚಿರತೆ ರಕ್ಷಣಾ ಕೇಂದ್ರ ಇದೆ. ಅರಣ್ಯ ಇಲಾಖೆ ಜೊತೆ ವೈಲ್ಡ್‌ಲೈಫ್ ಎಸ್‌ಒಎಸ್ ಅನ್ನುವ ಸಂಸ್ಥೆ ನಡೆಸುತ್ತದೆ. ನಮ್ಮ ಕಡೆ ಕಬ್ಬಿನ ಗದ್ದೆಯಲ್ಲೇ ಚಿರತೆ ಮರಿ ಹಾಕುತ್ತದೆ. ಕಟಾವಿಗೆ ಹೋದವರಿಗೆ ಮರಿ ಸಿಗುತ್ತದೆ. ಮೊದಲೆಲ್ಲ ಎತ್ತಿಕೊಂಡು ಬರುತ್ತಿದ್ದರು. ಈಗ ಮರಿಯನ್ನು ಡಬ್ಬಿಯಲ್ಲಿಟ್ಟು, ಸಿಕ್ಕ ಜಾಗದಲ್ಲೇ ರಾತ್ರಿ ಇಟ್ಟು ಕಾಯುತ್ತಾರೆ. ತಾಯಿ ಬಂದು ಕಚ್ಚಿಕೊಂಡು ಹೋಗುತ್ತದೆ. ಮೃಗಾಲಯಕ್ಕೆ ಒಂದು ಅನಾಥ ಮರಿ ಕಡಿಮೆ ಬಂತು ಅಂದರೆ ಅದೇ ದೊಡ್ಡ ಸೇವೆ ಅಂತ ನನ್ನ ಅಭಿಪ್ರಾಯ.

ಧನಕವಡಿ_ಅಮ್ಮ
ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಮಗಳು ಈಗ ಕೇಳುತ್ತಿದ್ದಾಳೆ: ಅರ್ಜಿ ಹೇಗೆ ಬರೆಯಬೇಕು? ಅಲ್ಲಿ ಉದುರಿದ ಜಿಂಕೆ ಕೊಂಬು, ಗರಿ ನೆನಪಿಗೆ ಇಟ್ಟುಕೊಳ್ಳಬಹುದಾ? ಗಿಳಿಗಳ ಹತ್ತಿರ ಕೆಲಸ ಕೊಡುತ್ತಾರಾ?

ಶಿರವಳ_ವೆಟ್
ಪುಟ್ಟಿ, ಕೊಂಬು ಸಿಕ್ಕರೆ ನೇರ ಆಫೀಸಿಗೆ ಒಪ್ಪಿಸಬೇಕು. ಉದುರಿದ್ದಾದರೂ ಮನೆಯಲ್ಲಿ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಗರಿಯೂ ಬೇಡ, ಅಲ್ಲಿಯ ಯಾವ ವಸ್ತುವೂ ಬೇಡ.

ಗಿಳಿಗಳ ಕೆಲಸ ಸಿಕ್ಕರೆ ಬಿಡಬೇಡ. ನಮ್ಮ ಹಸಿರು ಗಿಳಿಯನ್ನು ಮನೆಯಲ್ಲಿ ಸಾಕುವುದು ಅಪರಾಧ, ಆದರೂ ಜನ ಸಾಕುತ್ತಾರೆ, ಆಮೇಲೆ ತಂದು ಒಪ್ಪಿಸುತ್ತಾರೆ. ಬರೀ ಸೂರ್ಯಕಾಂತಿ ಬೀಜ, ಮೆಣಸಿನಕಾಯಿ ತಿಂದು ಬೆಳೆದವು. ವಿಟಮಿನ್ ಎ ಕೊರತೆ ಇರುತ್ತದೆ. ಸೊಪ್ಪು, ಕ್ಯಾರೆಟ್ ತೋರಿಸಿದರೆ ತಿನ್ನುವುದಿಲ್ಲ. ದಿನಾ ಸ್ವಲ್ಪ ಸ್ವಲ್ಪ ಬೀಜ ಕಡಿಮೆ ಮಾಡಿ, ತರಕಾರಿ ರೂಢಿ ಮಾಡಿಸಿ, ತೂಕ ಇಳಿಯದ ಹಾಗೆ ನೋಡಿಕೊಳ್ಳಬೇಕು. ತಾಳ್ಮೆ ಇರುವವರೇ ಬೇಕು ಅದಕ್ಕೆ. ಆಮೇಲೆ ದೊಡ್ಡ ಪಂಜರದಲ್ಲಿ ರೆಕ್ಕೆಗೆ ಬಲ ಬರಬೇಕು. ಅದರಲ್ಲಿ ಕೆಲವನ್ನಾದರೂ ಹೊರಗೆ ಬಿಡುವ ಹಾಗಾದರೆ ನಿನಗೇ ಗೊತ್ತಾಗುತ್ತದೆ ನಾನು ಯಾಕೆ ಹೇಳಿದೆ ಅಂತ.

ಭಾನುವಾರದ_ಸಹಾಯಕ
ಅರ್ಜಿ ಮರಾಠಿಯಲ್ಲಿ ಬರೆದರೆ ಒಳ್ಳೆಯದು, ಒಂದೇ ಪುಟ. ವಾರದಲ್ಲಿ ಯಾವ ದಿನ, ಎಷ್ಟು ಹೊತ್ತು, ಯಾವ ತಿಂಗಳ ತನಕ ಬರುತ್ತೀರಿ ಅನ್ನುವುದನ್ನು ಮೊದಲೇ ಹೇಳಿ. ಮೃಗಾಲಯಗಳಿಗೆ ಬೇಜಾರಾಗುವುದು ಮೊದಲ ವಾರ ದಿನಾ ಬಂದು ಆಮೇಲೆ ಕಾಣದಂತಾಗುವವರಿಂದ. ಆಧಾರ್, ಲಸಿಕೆ ಚೀಟಿ, ಡಾಕ್ಟರ್ ಕೊಟ್ಟ ಫಿಟ್‌ನೆಸ್ ಸರ್ಟಿಫಿಕೇಟ್ ಜೊತೆಗಿಡಿ. 'ಪ್ರಾಣಿ ಅಂದರೆ ಪ್ರಾಣ' ಅಂತೆಲ್ಲ ಬರೆಯುವುದು ಬೇಡ. ತರಕಾರಿ ಹೆಚ್ಚುತ್ತೇನೆ, ತೊಳೆಯುತ್ತೇನೆ, ರಿಜಿಸ್ಟರ್ ಬರೆಯುತ್ತೇನೆ ಅಂತ ಬರೆಯಲಿ. ಓದಿದವರಿಗೆ ಈ ಹುಡುಗಿಗೆ ಕೆಲಸ ಗೊತ್ತಿದೆ ಅನ್ನಿಸುತ್ತದೆ.

ಒಂದು ಕಡೆ ಇಲ್ಲ ಅಂದರೆ ಬಾವಧನ್‌ನ ರೆಸ್‌ಕ್ಯೂ ಚಾರಿಟಬಲ್ ಟ್ರಸ್ಟ್‌ನವರನ್ನೂ ಕೇಳಿ. ಗಾಯಗೊಂಡ ಕಾಡುಪ್ರಾಣಿಗಳ ಚಿಕಿತ್ಸೆ ಮಾಡುತ್ತಾರೆ.

ಬೆಳಗಾವಿ_ಹುಡುಗ
ಸರ್, ಜಿಂಕೆ ವಿಷಯ ಓದಿದ ಮೇಲೆ ನನ್ನ ಯೋಚನೆ ಬದಲಾಯಿತು. ನಾನೂ ಅರ್ಜಿ ಹಾಕಬಹುದಾ? ಶನಿವಾರ ಪೂರ್ತಿ ಬಿಡುವು ಇದೆ. ಬಡಗಿ ಕೆಲಸ ಸ್ವಲ್ಪ ಬರುತ್ತದೆ, ಅಪ್ಪನ ಹತ್ತಿರ ಕಲಿತದ್ದು.

ಭಾನುವಾರದ_ಸಹಾಯಕ
ಬಡಗಿ ಕೆಲಸ ಬರುತ್ತದಾ? ತಮ್ಮಾ, ಮೊದಲ ಸಾಲಲ್ಲೇ ಅದನ್ನು ಬರೆ. ಮಂಗಗಳ ಆವರಣದಲ್ಲಿ ಹತ್ತುವ ಮಂಚಿಕೆಗಳು ಮಳೆಗಾಲ ಬಂದರೆ ಕೊಳೆಯುತ್ತವೆ, ಪ್ರತಿವರ್ಷ ಹೊಸದು ಬೇಕು. ಮೊಳೆ ಹೊರಗೆ ಕಾಣದ ಹಾಗೆ ಜೋಡಿಸುವವರು ಸಿಗುವುದೇ ಇಲ್ಲ. ನನಗೆ ಮೆಸೇಜ್ ಮಾಡು.

ಧನಕವಡಿ_ಅಮ್ಮ
ಅರ್ಜಿ ಕೊಟ್ಟು ಬಂದೆವು. ಬರುವ ವಾರ ಬಂದು ಊಟದ ಕೋಣೆಯಲ್ಲಿ ಕೆಲಸ ನೋಡಲಿ ಅಂದಿದ್ದಾರೆ. ಗಮ್‌ಬೂಟ್ ತರಲು ಹೇಳಿದರು. ಯಾವ ಥರದ್ದು ತೆಗೆದುಕೊಳ್ಳಲಿ?

ಭಾನುವಾರದ_ಸಹಾಯಕ
ಲಕ್ಷ್ಮಿ ರೋಡ್ ತನಕ ಹೋಗಬೇಡಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಕಪ್ಪು ಬೂಟು ಸಾಕು. ಅಡಿಯಲ್ಲಿ ಹಲ್ಲು ಆಳವಾಗಿರಬೇಕು, ಇಲ್ಲದಿದ್ದರೆ ಪಾಚಿ ಮೇಲೆ ಜಾರುತ್ತದೆ. ದಪ್ಪ ಕಾಲುಚೀಲ ಹಾಕಿ ನೋಡಿ ಅಳತೆ ತೆಗೆದುಕೊಳ್ಳಲಿ. ಮನೆಗೆ ತರುವುದು ಬೇಡ, ಅಲ್ಲೇ ತೊಳೆದು ಅಲ್ಲೇ ಇಡಲಿ. ಬಟ್ಟೆಯನ್ನು ಬೇರೆ ಚೀಲದಲ್ಲಿ ತಂದು ಬಿಸಿನೀರಲ್ಲಿ ಬೇರೆಯಾಗಿಯೇ ಒಗೆಯಿರಿ. ಕಿವಿಯೋಲೆ, ಬಳೆ, ಸೆಂಟ್ ಯಾವುದೂ ಬೇಡ. ಕೂದಲು ಕಟ್ಟಿ ಟೋಪಿ ಹಾಕಿಕೊಳ್ಳಲಿ. ಬೆಳಿಗ್ಗೆ ಹೊಟ್ಟೆ ತುಂಬಾ ತಿಂದು ಹೋಗಲಿ, ಹನ್ನೊಂದರ ತನಕ ಕೂರಲು ಆಗುವುದಿಲ್ಲ.